ಒಂದು ‘ಇಂಟು’ ಮಾರ್ಕಿನ ಚರಿತ್ರೆ: ಮೆಂತ್ಯ ಹೊಲಿಗೆ, ಮ್ಯಾಟಿ ಬಟ್ಟೆ ಮತ್ತು ನಮ್ಮ ನಾಲ್ಕು ತಾಲ್ಲೂಕು

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರು, ಅಡುಗೆಮನೆಯಲ್ಲಿ ಫೋನ್ ಒರಗಿಸಿಟ್ಟು ಕೇಳ್ತಿರೋರು, ಎಲ್ಲರಿಗೂ ಸ್ವಾಗತ. ಕೈಯಲ್ಲಿ ಸೂಜಿ ದಾರ ಹಿಡಿದು ಕೇಳ್ತಿದ್ದರೆ ಇನ್ನೂ ಒಳ್ಳೇದು. ಇವತ್ತಿನ ಸಂಚಿಕೆ ನಿಮ್ಮದೇ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಈ ನಾಲ್ಕು ತಾಲ್ಲೂಕಿನ ಚರಿತ್ರೆ ಅಂದ ಕೂಡಲೇ ನೆನಪಾಗೋದು ಕೋಟೆ, ಯುದ್ಧ, ಹೊಯ್ಸಳರ ಗುಡಿ, ಕೆರೆ, ಅಣೆಕಟ್ಟು. ನಾನು ಹೇಳೋಕೆ ಹೊರಟಿರೋದು ಅದಕ್ಕಿಂತ ತುಂಬಾ ಸಣ್ಣ ವಸ್ತುವಿನ ಚರಿತ್ರೆ. ಒಂದು ಇಂಟು ಮಾರ್ಕು. ಬಟ್ಟೆ ಮೇಲೆ ದಾರದಲ್ಲಿ ಹಾಕಿದ ಇಂಟು ಮಾರ್ಕು. ಅದೇ ಕ್ರಾಸ್ ಸ್ಟಿಚ್.

ನಮ್ಮ ಕಡೆ ಮನೆಗಳಲ್ಲಿ ಇದನ್ನ ನೀವು ನೋಡಿರ್ತೀರ. ಬಾಗಿಲ ಮೇಲಿನ ತೋರಣ, ಟೀವಿ ಮೇಲಿನ ಹೊದಿಕೆ, ದಿಂಬಿನ ಕವರ್, ಗಾಜು ಹಾಕಿಸಿ ಗೋಡೆಗೆ ನೇತುಹಾಕಿರೋ ಎರಡು ಗಿಳಿ. ಮ್ಯಾಟಿ ಬಟ್ಟೆ, ಆಂಕರ್ ದಾರ. ‘ಯಾರು ಮಾಡಿದ್ದು?’ ಅಂತ ಕೇಳಿದ್ರೆ ‘ನಮ್ಮ ಅತ್ತೆ ಮದುವೆಗೆ ಮುಂಚೆ ಮಾಡಿದ್ದು’ ಅಂತಾರೆ. ‘ಯಾವ ವರ್ಷ?’ ಅಂದ್ರೆ ಗೊತ್ತಿಲ್ಲ. ‘ಎಷ್ಟು ದಿನ ಹಿಡೀತು?’ ಅಂದ್ರೆ ನಗ್ತಾರೆ, ‘ಅದನ್ನೆಲ್ಲಾ ಯಾರು ಲೆಕ್ಕ ಇಟ್ರು ಬುಡಿ’ ಅಂತ.

ಬಿ.ಕಾಂ. ಓದಿದ ನನಗೆ ಕಿವಿಯಲ್ಲಿ ಉಳಿಯೋ ಮಾತು ಇದೇ. ಯಾಕಂದ್ರೆ ಕ್ರಾಸ್ ಸ್ಟಿಚ್ ಅನ್ನೋದೇ ಲೆಕ್ಕದ ಕೆಲಸ. ಎಳೆ ಎಣಿಸದೆ, ಮನೆ ಎಣಿಸದೆ ಒಂದು ಗಿಳಿ ಮೂಡಲ್ಲ. ಅಷ್ಟು ಲೆಕ್ಕ ಮಾಡಿದ ಕೈಗಳ ಹೆಸರು, ತಾರೀಖು, ಸಮಯ ಮಾತ್ರ ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಇದು ಹೇಗಾಯ್ತು, ಇವತ್ತು ಸೂಜಿ ಹಿಡಿದಿರೋ ನೀವು ಇದನ್ನ ಹೇಗೆ ಬದಲಾಯಿಸಬಹುದು, ಇದೇ ಇವತ್ತಿನ ವಿಷಯ. ಮಧ್ಯೆ ಮಧ್ಯೆ ಕೆಲಸಕ್ಕೆ ಬರೋ ಟಿಪ್ಸ್ ಕೂಡ ಇವೆ.

ಯಾರ ಬಟ್ಟೆ ಉಳೀತು?

ಮೊದಲು ಶ್ರೀರಂಗಪಟ್ಟಣದಿಂದಲೇ ಶುರು ಮಾಡೋಣ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಸತ್ತ, ಲೂಟಿ ಆಯ್ತು. ಹೋದ ವಸ್ತುಗಳಲ್ಲಿ ಬಟ್ಟೆಯೂ ಇತ್ತು. ಟಿಪ್ಪುವಿನ ಡೇರೆ ಇವತ್ತು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಪೋವಿಸ್ ಕೋಟೆಯ ಸಂಗ್ರಹದಲ್ಲಿದೆ. ಹೂವಿನ ಚಿತ್ತಾರ ಇರೋ ಹತ್ತಿಯ ಚೀಟಿ ಬಟ್ಟೆ. ಅಲ್ಲಿನ ಮನೆತನದವರು ಅದನ್ನ ತೋಟದ ಪಾರ್ಟಿಗಳಿಗೆ ಶಾಮಿಯಾನ ಥರ ಬಳಸ್ತಿದ್ರು. 2015ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಭಾರತದ ಬಟ್ಟೆಗಳ ದೊಡ್ಡ ಪ್ರದರ್ಶನ ನಡೆದಾಗ ಅದನ್ನೂ ಇಟ್ಟಿದ್ರು.

ರಾಜನ ಬಟ್ಟೆ ಮ್ಯೂಸಿಯಂ ಸೇರುತ್ತೆ. ಮನೆ ಬಟ್ಟೆಯ ದಾರಿ ಬೇರೆ. ಮೊದಲು ಸೀರೆ, ಆಮೇಲೆ ಕೌದಿ, ಆಮೇಲೆ ಮಸಿಬಟ್ಟೆ, ಕೊನೆಗೆ ನೆಲ ಒರೆಸೋ ಬಟ್ಟೆ. ಇದು ತಪ್ಪು ಅಂತಲ್ಲ, ಅದು ನಮ್ಮ ಮನೆಗಳ ಉಳಿತಾಯದ ಬುದ್ಧಿ. ಆದರೆ ಕೈಹೊಲಿಗೆಯ ಚರಿತ್ರೆ ಬರೆಯೋಕೆ ಕೂತವರಿಗೆ ಸಾಮಾನ್ಯ ಜನರ ಬಟ್ಟೆ ಸಿಗದೇ ಇರೋದಕ್ಕೆ ಇದೇ ಕಾರಣ.

ದಾರದ ಬಗ್ಗೆಯೂ ಶ್ರೀರಂಗಪಟ್ಟಣದ ಒಂದು ಕಾಗದ ಉಳಿದಿದೆ. 1786ರ ಸೆಪ್ಟೆಂಬರ್‌ನಲ್ಲಿ ಟಿಪ್ಪು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಪತ್ರ ಬರೀತಾನೆ. ರೇಷ್ಮೆ ಹುಳು ತರೋಕೆ ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ವಾಪಸ್ ಬರ್ತಿದ್ದಾರೆ, ಹುಳು ಸಾಕೋಕೆ ಸರಿಯಾದ ಜಾಗ ನೋಡಿ ಅನ್ನೋದು ಅದರ ಸಾರ. ಇಂಥ ಪತ್ರಗಳನ್ನ ಕರ್ಕ್‌ಪ್ಯಾಟ್ರಿಕ್ ಅನ್ನೋ ಇಂಗ್ಲಿಷ್ ಅಧಿಕಾರಿ 1811ರಲ್ಲಿ ಅನುವಾದಿಸಿ ಅಚ್ಚು ಹಾಕಿಸಿದ. ಹುಳು ತರೋಕೆ ಹೋದ ಇಬ್ಬರ ಹೆಸರು ನಮಗೆ ಗೊತ್ತಾಗಿರೋದು ಸರ್ಕಾರಿ ಪತ್ರದಲ್ಲಿ ಬರೆದಿದ್ದರಿಂದ. ಆ ಹುಳದ ರೇಷ್ಮೆ ನೂಲನ್ನ ತೆಗೆದವರು, ಅದರಲ್ಲಿ ಹೊಲಿದವರು ಯಾರು ಅಂತ ಯಾವ ಪತ್ರವೂ ಹೇಳಲ್ಲ.

ಇಂಟು ಮಾರ್ಕು ಲೆಕ್ಕದ ಪುಸ್ತಕವಾಗಿದ್ದಾಗ

ಈಗ ಸ್ವಲ್ಪ ದೂರ ಹೋಗಿ ಬರೋಣ, ಇಂಗ್ಲೆಂಡಿಗೆ. ಅಲ್ಲಿ ಹುಡುಗಿಯರು ಹೊಲಿಗೆ ಕಲಿಯುವಾಗ ಒಂದು ಬಟ್ಟೆ ತುಂಡಿನ ಮೇಲೆ ಮಾದರಿಗಳನ್ನ ಹೊಲಿದು ಇಟ್ಕೊಳ್ತಿದ್ರು. ಅದಕ್ಕೆ ಸ್ಯಾಂಪ್ಲರ್ ಅಂತ ಹೆಸರು. ತಾರೀಖು ಇರೋ ಬ್ರಿಟಿಷ್ ಸ್ಯಾಂಪ್ಲರ್‌ಗಳಲ್ಲಿ ಗೊತ್ತಿರೋ ಮಟ್ಟಿಗೆ ಅತ್ಯಂತ ಹಳೆಯದು 1598ರದ್ದು. ಮಾಡಿದವರು ಜೇನ್ ಬೋಸ್ಟಾಕ್. ಆಲಿಸ್ ಲೀ ಅನ್ನೋ ಮಗು 1596ರ ನವೆಂಬರ್ 23ರ ಮಂಗಳವಾರ ಮಧ್ಯಾಹ್ನ ಹುಟ್ಟಿತು ಅಂತ ಅದರ ಮೇಲೆ ಅಕ್ಷರಗಳಲ್ಲಿ ಹೊಲಿದಿದ್ದಾರೆ. ನಾನೂರು ವರ್ಷ ದಾಟಿದ್ರೂ ನಾನು ಇವತ್ತು ಮಂಡ್ಯ ಜಿಲ್ಲೆಯ ಶ್ರೋತೃಗಳಿಗೆ ಆ ಮಗು ಹುಟ್ಟಿದ ವಾರ ಹೇಳ್ತಿದ್ದೀನಿ. ಒಂದು ಸಾಲು ಜಾಸ್ತಿ ಹೊಲಿದಿದ್ದರ ಫಲ ಅದು.

ಮುಂದೆ ಇದೇ ಕ್ರಾಸ್ ಸ್ಟಿಚ್‌ಗೆ ಇಂಗ್ಲಿಷ್‌ನಲ್ಲಿ ಇನ್ನೊಂದು ಹೆಸರು ಬಂತು, ಗುರುತಿನ ಹೊಲಿಗೆ ಅನ್ನೋ ಅರ್ಥದ್ದು. ಯಾಕೆ ಗೊತ್ತಾ? ದೊಡ್ಡ ಮನೆಗಳಲ್ಲಿ ಹಾಸಿಗೆ ಬಟ್ಟೆ, ಟವೆಲ್, ಕರವಸ್ತ್ರ ನೂರಾರು ಇರ್ತಿದ್ವು. ಒಗೆಯೋಕೆ ಹೋದದ್ದು ವಾಪಸ್ ಬಂತಾ ಅಂತ ನೋಡ್ಬೇಕು. ಅದಕ್ಕೆ ಪ್ರತಿ ಬಟ್ಟೆಯ ಮೂಲೆಯಲ್ಲಿ ಯಜಮಾನರ ಹೆಸರಿನ ಅಕ್ಷರ, ಜೊತೆಗೊಂದು ನಂಬರ್, ಎರಡನ್ನೂ ಸಣ್ಣ ಕ್ರಾಸ್ ಸ್ಟಿಚ್‌ನಲ್ಲಿ ಹೊಲೀತಿದ್ರು. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ ಇದು ಮನೆಯ ಆಸ್ತಿ ರಿಜಿಸ್ಟರ್. ಪುಸ್ತಕದ ಬದಲು ಬಟ್ಟೆ ಮೇಲೇ ಬರೆದಿದ್ದು ಅಷ್ಟೆ.

ನಮ್ಮಲ್ಲೂ ಇದೇ ಕೆಲಸಕ್ಕೆ ಬೇರೆ ದಾರಿ ಇತ್ತು. ಮಡಿವಾಳರು ಕರಿಗೇರಿನ ಕಾಯಿಯ ರಸದಲ್ಲಿ ಬಟ್ಟೆ ಅಂಚಿಗೆ ಚುಕ್ಕಿ, ಗೀಟು ಹಾಕಿ ಯಾರ ಮನೆಯದು ಅಂತ ಗುರುತು ಮಾಡ್ಕೊಳ್ತಿದ್ರು. ಎಷ್ಟು ಒಗೆದ್ರೂ ಹೋಗದ ಕಪ್ಪು ಗುರುತು.

1862ರಲ್ಲಿ ಇಂಗ್ಲೆಂಡ್ ಸರ್ಕಾರ ಶಾಲೆಗಳ ಅನುದಾನಕ್ಕೆ ಹೊಸ ನಿಯಮ ತಂದಾಗ ಹುಡುಗಿಯರಿಗೆ ಹೊಲಿಗೆ ಕಡ್ಡಾಯ ಆಯ್ತು. ಇದೇ ರೂಢಿಯನ್ನ ಮಿಷನರಿಗಳು ಭಾರತದ ಹೆಣ್ಣುಮಕ್ಕಳ ಶಾಲೆಗಳಿಗೂ ತಂದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮ್ ಮುಂದಿಟ್ಟಾಗ ಕೈಕಸುಬು ಶಿಕ್ಷಣದ ನಡುವಿಗೇ ಬಂತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಹಳ್ಳಿಗಳಲ್ಲಿ ಮಹಿಳಾ ಮಂಡಳ, ಹೊಲಿಗೆ ತರಗತಿ ಹರಡಿದ್ವು. ಮುಂದೆ ಶಾಲೆಯಲ್ಲಿ ಹೊಲಿಗೆ ಟೀಚರ್, ಎಸ್‌ಯುಪಿಡಬ್ಲ್ಯೂ ಪೀರಿಯಡ್. ನಿಮ್ಮ ಅತ್ತೆಯ ಗಿಳಿ ಬಂದಿದ್ದು ಈ ದಾರಿಯಲ್ಲಿ.

ಹಾಗಾದ್ರೆ ಇದು ಪೂರ್ತಿ ಹೊರಗಿನದಾ?

ಅಲ್ಲ. ನಮ್ಮ ಕಡೆ ಬಟ್ಟೆ ಮೇಲೆ ಯಾವ ಕೈಕೆಲಸ ಮಾಡಿದ್ರೂ ‘ಕಸೂತಿ’ ಅಂತೀವಿ. ಆದರೆ ಧಾರವಾಡದ ಕಡೆಯವರಿಗೆ ಕಸೂತಿ ಅಂದ್ರೆ ಒಂದು ನಿರ್ದಿಷ್ಟ ಕಲೆ. ಕೈ ಮತ್ತು ಸೂತ್ರ, ಅಂದ್ರೆ ಕೈ ಮತ್ತು ನೂಲು ಸೇರಿ ಆದ ಪದ ಅಂತಾರೆ. ಇಳಕಲ್ ಸೀರೆಯ ಮೇಲೆ, ಮದುವಣಗಿತ್ತಿಯ ಕರಿ ಚಂದ್ರಕಾಳಿ ಸೀರೆಯ ಮೇಲೆ, ಕುಪ್ಪಸದ ಖಣದ ಮೇಲೆ ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ ಹೊಲೀತಿದ್ರು. ಪೆನ್ಸಿಲ್ ಗೆರೆ ಇಲ್ಲ, ಟ್ರೇಸಿಂಗ್ ಇಲ್ಲ. ಬಟ್ಟೆಯ ಎಳೆ ಎಣಿಸಿಕೊಂಡು ಹೋಗೋದು ಅಷ್ಟೆ.

ಕಸೂತಿಯಲ್ಲಿ ನಾಲ್ಕು ಹೊಲಿಗೆ. ಗವಂತಿ: ಒಂದು ಸಲ ಓಡು ಹೊಲಿಗೆ ಹಾಕಿ, ವಾಪಸ್ ಬರುವಾಗ ಖಾಲಿ ಬಿಟ್ಟ ಜಾಗ ತುಂಬೋದು. ಮುರ್ಗಿ: ಅದೇ ವಿಧಾನ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಅಡ್ಡಡ್ಡ ಹೋಗೋದು. ಈ ಎರಡರಲ್ಲೂ ಬಟ್ಟೆಯ ಹಿಂದೆ ಮುಂದೆ ಒಂದೇ ಥರ ಕಾಣುತ್ತೆ. ನೇಗಿ: ನೇಯ್ದ ಹಾಗೆ ಕಾಣೋ ಉದ್ದ ಹೊಲಿಗೆ. ನಾಲ್ಕನೆಯದು ಮೆಂತ್ಯ, ಮೆಂತೆ ಅಂತಲೂ ಅಂತಾರೆ. ಅಡುಗೆಮನೆಯ ಮೆಂತ್ಯದ ಹೆಸರೇ. ಈ ಮೆಂತ್ಯ ಹೊಲಿಗೆ ಏನು ಗೊತ್ತಾ? ಅಡ್ಡಡ್ಡ ಎರಡು ಗೀಟು. ಇಂಟು ಮಾರ್ಕು. ನಾವು ಫ್ಯಾನ್ಸಿ ಸ್ಟೋರಿಗೆ ಹೋಗಿ ‘ಕ್ರಾಸ್ ಸ್ಟಿಚ್ ಕಿಟ್ ಇದೆಯಾ’ ಅಂತ ಕೇಳೋ ಅದೇ ಹೊಲಿಗೆಗೆ ಕನ್ನಡದಲ್ಲಿ ಮೊದಲಿಂದಲೂ ಹೆಸರಿತ್ತು.

ನೇರವಾಗಿ ಹೇಳ್ಬೇಕು: ಧಾರವಾಡ ಕಸೂತಿಯ ಹುಟ್ಟೂರು ನಮ್ಮ ನಾಲ್ಕು ತಾಲ್ಲೂಕು ಅಲ್ಲ. ನಮ್ಮ ಕಡೆ ಕ್ರಾಸ್ ಸ್ಟಿಚ್ ಬಂದಿದ್ದು ಶಾಲೆ, ಮಂಡಳದ ದಾರಿಯಲ್ಲೇ. ಆದರೆ ಎಣಿಸಿ ಚಿತ್ರ ಮೂಡಿಸೋ ಬುದ್ಧಿ ನಮ್ಮ ಅಂಗಳದಲ್ಲೇ ಇತ್ತು. ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಹದಿನೈದು ಚುಕ್ಕಿ ಇಟ್ಟು, ಎರಡೂ ಕಡೆ ಕಮ್ಮಿ ಮಾಡ್ತಾ ಬಂದು, ಚುಕ್ಕಿ ಸೇರಿಸಿದ್ರೆ ತಾವರೆ. ಮ್ಯಾಟಿ ಬಟ್ಟೆಯ ತೂತುಗಳು ಅಂದ್ರೆ ಯಾರೋ ಮೊದಲೇ ಇಟ್ಟುಕೊಟ್ಟ ಚುಕ್ಕಿಗಳು. ರಂಗೋಲಿ ಬರೋ ಕೈಗೆ ಕ್ರಾಸ್ ಸ್ಟಿಚ್ ಬೇಗ ಒಲಿಯೋದು ಇದಕ್ಕೇ.

ದಾರ, ಸೂಜಿ, ಮೊಳ

ಈಗ ಸಾಮಾನಿನ ವಿಷಯಕ್ಕೆ ಬರೋಣ. ಇವುಗಳಿಗೂ ಚರಿತ್ರೆ ಇದೆ.

ಕ್ರಾಸ್ ಸ್ಟಿಚ್ ದಾರದ ಹೊಳಪು ಗಮನಿಸಿದ್ದೀರಾ? ಅದು ಹತ್ತಿಯ ಸಹಜ ಹೊಳಪಲ್ಲ. ಜಾನ್ ಮರ್ಸರ್ ಅನ್ನೋ ಇಂಗ್ಲಿಷಿನವ 1840ರ ದಶಕದಲ್ಲಿ ಹತ್ತಿಯನ್ನ ಕಾಸ್ಟಿಕ್ ಸೋಡಾದಲ್ಲಿ ಅದ್ದಿ ಪ್ರಯೋಗ ಮಾಡಿದ, 1850ರಲ್ಲಿ ಪೇಟೆಂಟ್ ತಗೊಂಡ. ಮುಂದೆ ಹೊರೇಸ್ ಲೋ ಅನ್ನೋನು ನೂಲನ್ನ ಬಿಗಿಯಾಗಿ ಎಳೆದು ಹಿಡಿದು ಅದೇ ಕೆಲಸ ಮಾಡಿದಾಗ ರೇಷ್ಮೆಯ ಥರ ಹೊಳಪು ಬಂತು. ಅದಕ್ಕೇ ‘ಮರ್ಸರೈಸ್ಡ್’ ಅಂತಾರೆ.

ಡಿಎಂಸಿ ಅನ್ನೋ ದಾರದ ಕಂಪನಿಯ ಮೂಲ 1746ಕ್ಕೆ ಹೋಗುತ್ತೆ, ಇವತ್ತಿನ ಫ್ರಾನ್ಸಿನ ಮುಲ್ಹೌಸ್ ಊರಿನಲ್ಲಿ. ತೆರೇಸ್ ದ ದಿಲ್ಮೋಂ ಅನ್ನೋರು 1886ರಲ್ಲಿ ಕೈಹೊಲಿಗೆಯ ದೊಡ್ಡ ವಿಶ್ವಕೋಶ ಬರೆದು, ಈ ಕಂಪನಿಯ ಜೊತೆ ಕೆಲಸ ಮಾಡಿ, ಅದನ್ನ ಹಲವು ಭಾಷೆಗಳಿಗೆ ತಲುಪಿಸಿದ್ರು. ಪಾಂಡವಪುರಕ್ಕೂ ಒಂದು ಕಾಲದಲ್ಲಿ ‘ಫ್ರೆಂಚ್ ರಾಕ್ಸ್’ ಅಂತ ಹೆಸರಿತ್ತಲ್ಲ, ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದರಿಂದ? ಆ ಫ್ರೆಂಚರಿಗೂ ಈ ದಾರಕ್ಕೂ ಸಂಬಂಧ ಇಲ್ಲ, ವಾಟ್ಸಾಪ್‌ನಲ್ಲಿ ಹಾಕ್ಬೇಡಿ. ನಮ್ಮ ಪೇಟೆಗಳಿಗೆ ಬಂದಿದ್ದು ಹೆಚ್ಚಾಗಿ ಆಂಕರ್ ದಾರ.

ಎರಡು ಕಂಪನಿಯ ದಾರವೂ ಒಂದು ಲಡಿಗೆ 8 ಮೀಟರ್, ಒಳಗೆ 6 ಎಳೆ. ಅಂಗಡಿಗೆ ಹೋಗುವಾಗ ಬಣ್ಣದ ಹೆಸರಲ್ಲ, ನಂಬರ್ ಬರೆದುಕೊಂಡು ಹೋಗಿ. ‘ಗಿಳಿ ಹಸಿರು’ ಹತ್ತು ಥರ ಇರುತ್ತೆ, ನಂಬರ್ ಒಂದೇ. ಒಂದು ಕಂಪನಿಯ ನಂಬರ್ ಇನ್ನೊಂದು ಕಂಪನಿಯಲ್ಲಿ ಬೇರೆ ಬಣ್ಣ ಆಗಿರುತ್ತೆ ಅನ್ನೋದೂ ನೆನಪಿರಲಿ. ಹಿನ್ನೆಲೆ ತುಂಬೋ ಬಣ್ಣ ಇದ್ದರೆ ಬೇಕಾದಷ್ಟು ಲಡಿ ಒಂದೇ ಸಲ ತಗೊಳ್ಳಿ. ಬೇರೆ ಸಲ ಅದ್ದಿದ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ಗೋಡೆ ಮೇಲೆ ಎದ್ದು ಕಾಣುತ್ತೆ.

ದಾರ ಎಷ್ಟು ಉದ್ದ ಕತ್ತರಿಸ್ಬೇಕು? ಟೇಪು ಬೇಡ. ಹೂವು ಅಳೆಯೋ ಹಾಗೆ ಒಂದು ಮೊಳ. ಮೊಣಕೈಯಿಂದ ಬೆರಳ ತುದಿವರೆಗೆ, ಸುಮಾರು 45 ಸೆಂಟಿಮೀಟರ್. ಇದಕ್ಕಿಂತ ಉದ್ದ ಆದರೆ ಸಿಕ್ಕಾಗುತ್ತೆ, ಬಟ್ಟೆಯೊಳಗೆ ಮತ್ತೆ ಮತ್ತೆ ತೂರಿ ತೂರಿ ಹೊಳಪೂ ಹೋಗುತ್ತೆ. ಒಂದು ಲಡಿಯಲ್ಲಿ ಹದಿನೇಳು ಮೊಳ ಚಿಲ್ಲರೆ. ಎರಡೆರಡು ಎಳೆ ಮಾಡಿದ್ರೆ ಒಂದು ಮೊಳಕ್ಕೆ ಮೂರು ದಾರ, ಒಟ್ಟು ಐವತ್ತೊಂದು ಸಲ ಸೂಜಿಗೆ ಪೋಣಿಸಬಹುದು. ಎಳೆ ಬಿಡಿಸುವಾಗ ಎಲ್ಲವನ್ನೂ ಒಟ್ಟಿಗೆ ಎಳೀಬೇಡಿ. ಒಂದೊಂದಾಗಿ ಮೇಲಕ್ಕೆ ಎಳೆದು ತೆಗೆದು, ಆಮೇಲೆ ಎರಡನ್ನ ಜೋಡಿಸಿ.

ಬಟ್ಟೆ ಬಗ್ಗೆ ಒಂದೇ ಮಾತು: ಕೊಳ್ಳೋ ಮುಂಚೆ ಸ್ಕೇಲ್ ಇಟ್ಟು ಒಂದು ಇಂಚಿಗೆ ಎಷ್ಟು ಮನೆ ಅಂತ ಎಣಿಸಿ. ಹದಿನಾಲ್ಕು ಇದ್ದರೆ 14 ಕೌಂಟ್, ಅದಕ್ಕೆ ಎರಡು ಎಳೆ. ಹನ್ನೊಂದು ಇದ್ದರೆ ಮೂರು ಎಳೆ. ಉದ್ದಕ್ಕೂ ಅಗಲಕ್ಕೂ ಎಣಿಕೆ ಒಂದೇ ಬರ್ತಿದೆಯಾ ನೋಡಿ. ಬರದಿದ್ದರೆ ದುಂಡನೆ ಚಂದ್ರ ಹೊಲಿಯೋಕೆ ಹೋಗಿ ಮೊಟ್ಟೆ ಆಗುತ್ತೆ. ಸೂಜಿಯ ಮೊನೆ ಮೊಂಡಾಗಿರಲಿ. 14 ಕೌಂಟಿಗೆ 24ನೇ ನಂಬರಿನ ಸೂಜಿ. ಚೂಪು ಸೂಜಿ ಆದರೆ ತೂತಿನ ಬದಲು ಎಳೆಯನ್ನೇ ಚುಚ್ಚುತ್ತೆ.

ಶುರು ಎಲ್ಲಿಂದ? ಬಟ್ಟೆಯನ್ನ ಎರಡು ಸಲ ಮಡಚಿ, ಮಡಿಕೆ ಕೂಡೋ ಜಾಗವೇ ನಡುಮಧ್ಯ. ಚಾರ್ಟಿನ ಮಧ್ಯವೂ ಅಲ್ಲೇ ಬರಲಿ. ದೊಡ್ಡ ಚಿತ್ರ ಆದರೆ ಮೊದಲೇ ಹತ್ತು ಹತ್ತು ಮನೆಗೆ ಒಂದು ಗೆರೆ ಬರೋ ಹಾಗೆ ಬೇರೆ ಬಣ್ಣದ ಸಾದಾ ದಾರದಲ್ಲಿ ಓಡು ಹೊಲಿಗೆ ಹಾಕ್ಕೊಳ್ಳಿ, ಮುಗಿದ ಮೇಲೆ ಎಳೆದುಬಿಡಿ. ಇನ್ನೂರು ಮನೆ ಎಣಿಸೋದಕ್ಕಿಂತ ಹತ್ತು ಎಣಿಸೋದು ಸುಲಭ.

ಗಂಟು ಹಾಕ್ಬೇಡಿ. ಧಾರವಾಡದ ಕಸೂತಿಯಲ್ಲಿ ಗಂಟಿಗೆ ಜಾಗವೇ ಇಲ್ಲ. ಕ್ರಾಸ್ ಸ್ಟಿಚ್‌ನಲ್ಲಿ ಅದನ್ನ ಹೀಗೆ ಮಾಡಿ: ಒಂದೇ ಎಳೆಯನ್ನ ಎರಡು ಮೊಳ ಕತ್ತರಿಸಿ, ಮಧ್ಯಕ್ಕೆ ಮಡಚಿ, ಎರಡೂ ತುದಿಯನ್ನ ಸೂಜಿಗೆ ಪೋಣಿಸಿ. ಹಿಂದಿನಿಂದ ಮುಂದಕ್ಕೆ ಸೂಜಿ ತನ್ನಿ, ಮಡಚಿದ ಕುಣಿಕೆ ಹಿಂದೆ ಉಳೀಲಿ. ಅರ್ಧ ಇಂಟು ಹಾಕಿ ಸೂಜಿ ಹಿಂದೆ ಹೋದಾಗ ಆ ಕುಣಿಕೆಯೊಳಗೆ ತೂರಿಸಿ ಎಳೆಯಿರಿ. ಭದ್ರ. ಮುಗಿಸುವಾಗ ಹಿಂದಿನ ನಾಲ್ಕೈದು ಹೊಲಿಗೆಯ ಕೆಳಗೆ ಸೂಜಿ ತೂರಿಸಿ ಕತ್ತರಿಸಿ.

ಕ್ರಾಸ್ ಸ್ಟಿಚ್‌ನ ಅಂದ ನಿಂತಿರೋದು ಒಂದೇ ನಿಯಮದ ಮೇಲೆ. ಎಲ್ಲ ಇಂಟುಗಳ ಮೇಲಿನ ಗೀಟು ಒಂದೇ ದಿಕ್ಕಿಗಿರಬೇಕು. ಒಂದು ಹೀಗೆ ಒಂದು ಹಾಗೆ ಆದರೆ ಬೆಳಕು ಬಿದ್ದಾಗ ಮಚ್ಚೆ ಮಚ್ಚೆಯಾಗಿ ಕಾಣುತ್ತೆ. ದಿನದ ಕೆಲಸ ಮುಗಿದ ಮೇಲೆ ರಿಂಗ್ ಬಿಚ್ಚಿಡಿ, ಇಲ್ಲಾಂದ್ರೆ ಬಟ್ಟೆಯಲ್ಲಿ ಅದರ ಸುತ್ತು ನಿಂತುಬಿಡುತ್ತೆ.

ಸಾದಾ ಸೀರೆ ಅಥವಾ ಕುರ್ತಾ ಮೇಲೆ ಹೊಲಿಯೋ ಆಸೆ ಇದ್ದರೆ? ಎಳೆ ಎಣಿಸೋಕೆ ಆಗದಷ್ಟು ನಯವಾದ ಬಟ್ಟೆ ಆದರೂ ದಾರಿ ಇದೆ. ಸಡಿಲ ನೇಯ್ಗೆಯ ಮ್ಯಾಟಿ ತುಂಡೊಂದನ್ನ ಸೀರೆ ಮೇಲಿಟ್ಟು ಟಾಕು ಹಾಕಿ, ಎರಡೂ ಬಟ್ಟೆ ಸೇರಿಸಿ, ಮ್ಯಾಟಿಯ ಎಳೆಗಳನ್ನ ಸೂಜಿ ಚುಚ್ಚದ ಹಾಗೆ ನೋಡ್ಕೊಂಡು ಹೊಲೀರಿ. ಮುಗಿದ ಮೇಲೆ ಮ್ಯಾಟಿಯ ಎಳೆಗಳನ್ನ ಒಂದೊಂದಾಗಿ ಎಳೆದು ತೆಗೀರಿ. ಸೀರೆ ಮೇಲೆ ಹೊಲಿಗೆ ಮಾತ್ರ ಉಳಿಯುತ್ತೆ. ಇದಕ್ಕೆ ಮಾತ್ರ ಚೂಪು ಸೂಜಿ ಬೇಕು.

ಚಾರ್ಟ್ ನಮ್ಮೂರಲ್ಲೇ ಇದೆ

ಚೌಕದ ಕಾಗದದಲ್ಲಿ ಬಣ್ಣ ತುಂಬಿದ ಚಾರ್ಟ್‌ಗಳನ್ನ ಅಚ್ಚು ಹಾಕಿ ಮಾರೋ ವ್ಯಾಪಾರ ದೊಡ್ಡದಾಗಿದ್ದು 19ನೇ ಶತಮಾನದ ಶುರುವಿನಲ್ಲಿ, ಜರ್ಮನಿಯ ಬರ್ಲಿನ್‌ನಲ್ಲಿ. ಆಮೇಲೆ ಪ್ರಪಂಚದ ಎಲ್ಲ ಕಡೆ ಅದೇ ಗುಲಾಬಿ, ಅದೇ ನಾಯಿಮರಿ. ನಮ್ಮ ಮನೆಗಳ ಗೋಡೆ ಮೇಲೂ ಅದರ ಮೊಮ್ಮಕ್ಕಳೇ. ಈಗ ಮೊಬೈಲ್ ಆ್ಯಪ್‌ಗಳು ಯಾವ ಫೋಟೋ ಕೊಟ್ಟರೂ ಚಾರ್ಟ್ ಮಾಡಿಕೊಡ್ತವೆ, ಆದರೆ ಅರವತ್ತು ಬಣ್ಣ ತೋರಿಸಿ ತಲೆ ಕೆಡಿಸ್ತವೆ. ಅದರ ಬದಲು ಐದು ರೂಪಾಯಿಯ ಗ್ರಾಫ್ ಹಾಳೆ ತಗೊಂಡು ನಮ್ಮ ತಾಲ್ಲೂಕಿಗೇ ಹೊರಡಿ.

ಕೆ.ಆರ್. ಪೇಟೆ ಪಕ್ಕದ ಹೊಸಹೊಳಲು ಲಕ್ಷ್ಮೀನಾರಾಯಣ ಗುಡಿ, 13ನೇ ಶತಮಾನದ್ದು. ಗೋಡೆಯ ಕೆಳಭಾಗದಲ್ಲಿ ಸಾಲು ಸಾಲು ಪಟ್ಟಿಕೆ: ಕೆಳಗೆ ಆನೆ, ಮೇಲೆ ಕುದುರೆ, ಬಳ್ಳಿ, ಹೀಗೆ ಹೋಗಿ ಹಂಸದ ಸಾಲು. ಪಟ್ಟಿಕೆ ಅಂದ್ರೆ ಬಾರ್ಡರ್. ಒಂದು ಹಂಸವನ್ನ 28 ಮನೆ ಅಗಲಕ್ಕೆ ಬರೆದುಕೊಳ್ಳಿ, ಪಕ್ಕಕ್ಕೆ 7 ಮನೆ ಖಾಲಿ. 14 ಕೌಂಟಿನಲ್ಲಿ ಅದು ಎರಡೂವರೆ ಇಂಚು. 25 ಇಂಚಿನ ತೋರಣಕ್ಕೆ ಸರಿಯಾಗಿ ಹತ್ತು ಹಂಸ.

ಶ್ರೀರಂಗಪಟ್ಟಣದಲ್ಲಿ 1784ರ ದರಿಯಾ ದೌಲತ್. ಅದರ ಗೋಡೆ, ಕಂಬ, ಚಾವಣಿಯ ತುಂಬ ಹೂಬಳ್ಳಿ. ಒಳಗೆ ಫೋಟೋ ತೆಗೆಯೋಕೆ ಬಿಡದಿದ್ದರೆ ಪೆನ್ಸಿಲ್ ಸ್ಕೆಚ್ ಸಾಕು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಪೂರ್ತಿಯಾಗದೆ ನಿಂತ ರಾಯಗೋಪುರ ಇದೆ. ಎತ್ತರದ ಕಂಬಗಳು, ನೇರ ಗೆರೆ. ಹೊಸದಾಗಿ ಕಲಿಯೋರಿಗೆ ನೇರ ಗೆರೆಗಿಂತ ಒಳ್ಳೆ ಗೆಳೆಯ ಇಲ್ಲ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಜೈನ ಬಸದಿಗಳ ಎದುರಿನ ಎತ್ತರದ ಕಂಬದಿಂದಲೇ ಊರಿಗೆ ಆ ಹೆಸರು. ಒಂದೇ ಬಣ್ಣದಲ್ಲಿ ಹೊಲಿದು ಪುಸ್ತಕದ ಬುಕ್‌ಮಾರ್ಕ್ ಮಾಡಬಹುದು. ಧಾರವಾಡದ ಹೆಂಗಸರು ತಮ್ಮ ಕಣ್ಣಿಗೆ ದಿನಾ ಬೀಳ್ತಿದ್ದ ತೇರು, ಗೋಪುರವನ್ನ ಸೀರೆಗೆ ತಂದ್ರು. ನಮ್ಮ ಕಣ್ಣಿಗೆ ಬೀಳೋದನ್ನ ನಾವು ತರೋದು ಅದೇ ಕೆಲಸ.

ಈಗ ಲೆಕ್ಕ

10 ಇಂಚು ಉದ್ದ, 10 ಇಂಚು ಅಗಲದ ಚಿತ್ರ, 14 ಕೌಂಟ್. 140 ಗುಣಿಸು 140. ಒಟ್ಟು 19,600 ಇಂಟು. ಪೂರ್ತಿ ತುಂಬಲ್ಲ, ಮೂವತ್ತು ಪರ್ಸೆಂಟ್ ಮಾತ್ರ ಹೊಲೀತೀವಿ ಅಂದ್ಕೊಳ್ಳಿ: 5,880. ಗಂಟೆಗೆ 150 ಇಂಟು ಹಾಕ್ತೀರ ಅಂತ ಇಟ್ಟುಕೊಂಡ್ರೆ ಸುಮಾರು 39 ಗಂಟೆ. ಗಂಟೆಗೆ ಬರೀ 50 ರೂಪಾಯಿ ಹಿಡಿದ್ರೂ 1,950 ರೂಪಾಯಿ ಕೂಲಿ. ಬಟ್ಟೆ ದಾರಕ್ಕೆ 300 ಅಂದ್ರೆ 2,250. ಫ್ರೇಮ್ ಖರ್ಚು ಬೇರೆ. ಇಷ್ಟಾದ ಮೇಲೆ ಯಾರೋ ಬಂದು ‘ಮುನ್ನೂರಕ್ಕೆ ಒಂದು ಮಾಡಿಕೊಡಿ ಅಕ್ಕ’ ಅಂದ್ರೆ, ಅವರು ಕೊಡ್ತಿರೋದು ದಾರದ ದುಡ್ಡು ಮಾತ್ರ. ನಿಮ್ಮ 39 ಗಂಟೆಗೆ ಅವರು ಹಾಕಿದ ಬೆಲೆ ಸೊನ್ನೆ.

ಈ ಸೊನ್ನೆ ಹೊಸದಲ್ಲ. ಜರಿ ಕೆಲಸ, ಆರಿ ಕೆಲಸದ ಕಾರ್ಖಾನೆಗಳಲ್ಲಿ ಕೂತು ಹೊಲಿಯೋರು ಹೆಚ್ಚಾಗಿ ಗಂಡಸರು, ಅದಕ್ಕೆ ಕಸುಬು ಅಂತ ಹೆಸರು, ಕಮ್ಮಿಯೋ ಜಾಸ್ತಿಯೋ ಕೂಲಿ ಇದೆ. ಮನೆಯಲ್ಲಿ ಹೆಂಗಸರು ಹೊಲಿದ್ರೆ ‘ಟೈಂಪಾಸ್’. ನೂಲು ಒಂದೇ, ಸೂಜಿ ಒಂದೇ. ಲೆಕ್ಕ ಬರೆದಿದ್ದು ಒಂದು ಕಡೆ ಮಾತ್ರ.

ಲೆಕ್ಕ ಬರೆದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಟ್ಯಾಗ್ ಸಿಕ್ತು. ಧಾರವಾಡದ ಕಸೂತಿಗೂ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಮಹಿಳೆಯರು ಹೊಲಿದ 1,755 ವಸ್ತುಗಳನ್ನ ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಆಯ್ತು. ತಾಂಡಾದ ಹೊಲಿಗೆಗೆ ಊರಿನ ಹೆಸರು, ಸಂಸ್ಥೆ, ರೇಟು ಎಲ್ಲಾ ಸೇರಿದ್ದಕ್ಕೆ ಅದು ಕಸುಬಾಗಿ ನಿಂತಿದೆ.

ಎಲ್ಲರೂ ಮಾರಲೇಬೇಕು ಅಂತ ನಾನು ಹೇಳ್ತಿಲ್ಲ. ತಂಗಿಗೆ ಕೊಡೋ ಉಡುಗೊರೆಗೆ ಬಿಲ್ ಹಾಕೋಕಾಗಲ್ಲ. ಆದರೆ ಕೊಟ್ಟಿದ್ದು ಏನು ಅಂತ ನಿಮಗೆ ಗೊತ್ತಿರಲಿ. ಫೋನಿನ ನೋಟ್ಸ್‌ನಲ್ಲಿ ದಿನಾ ಒಂದು ಸಾಲು: ತಾರೀಖು, ಎಷ್ಟು ನಿಮಿಷ, ಯಾವ ಬಣ್ಣ ಮುಗೀತು. ಮುಂದಿನ ಸಲ ರೇಟು ಹೇಳುವಾಗ ನಾಚಿಕೆಯಾಗಲ್ಲ, ಕೈಯಲ್ಲಿ ಲೆಕ್ಕ ಇರುತ್ತೆ.

ಪೆಟ್ಟಿಗೆಯಲ್ಲಿರೋದನ್ನ ಉಳಿಸಿಕೊಳ್ಳೋದು

ಮನೆಯಲ್ಲಿ ಹಳೆಯ ಕ್ರಾಸ್ ಸ್ಟಿಚ್ ಸಿಕ್ಕರೆ ಮೊದಲು ಒಗೆಯೋಕೆ ಹೋಗ್ಬೇಡಿ. ಬಿಳಿ ಬಟ್ಟೆಯ ಮೂಲೆ ಒದ್ದೆ ಮಾಡಿ ಹಿಂದಿನ ಕೆಂಪು, ಕಡುನೀಲಿ ದಾರಕ್ಕೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಒಗೆಯೋದು ಬೇಡ, ಮೆತ್ತಗೆ ಧೂಳು ಕೊಡವಿ ಸಾಕು. ಬಿಡದಿದ್ದರೆ ತಣ್ಣೀರು, ಸ್ವಲ್ಪ ಮೃದು ಸೋಪು, ಹಿಂಡದೆ ಟವೆಲ್ ನಡುವೆ ಒತ್ತಿ ನೆರಳಲ್ಲಿ ಒಣಗಿಸಿ. ಇಸ್ತ್ರಿ ಮಾಡೋದಾದ್ರೆ ದಪ್ಪ ಟವೆಲ್ ಮೇಲೆ ಬೋರಲು ಹಾಕಿ ಹಿಂದಿನಿಂದ.

ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ತೇವ ನಿಲ್ಲುತ್ತೆ. ಒಗೆದ ಹಳೆ ಬಿಳಿ ಪಂಚೆಯಲ್ಲಿ ಸುರುಳಿ ಸುತ್ತಿಡಿ. ಮಡಚಿದ್ರೆ ಮಡಿಕೆಯಲ್ಲೇ ಎಳೆ ಹರಿಯೋದು. ಮಡಚಲೇಬೇಕು ಅಂದ್ರೆ ವರ್ಷಕ್ಕೆರಡು ಸಲ ಮಡಿಕೆ ಜಾಗ ಬದಲಾಯಿಸಿ. ನುಸಿಗುಳಿಗೆ ಬಟ್ಟೆಗೆ ನೇರವಾಗಿ ತಾಗದಿರಲಿ. ಗೋಡೆಗೆ ಹಾಕೋದಾದ್ರೆ ಬಿಸಿಲು ಬೀಳದ ಗೋಡೆ.

ಆಮೇಲೆ ಅದನ್ನ ತಿರುಗಿಸಿ ಹಿಂದಿನ ಫೋಟೋ ತಗೊಳ್ಳಿ. ದಾರದ ಮೂಲ ಬಣ್ಣ ಬಿಸಿಲು ಬೀಳದ ಹಿಂಭಾಗದಲ್ಲೇ ಉಳಿದಿರೋದು. ಎಲ್ಲಿ ಶುರು ಮಾಡಿದ್ರು, ಎಲ್ಲಿ ದಾರ ಸಾಲದೆ ಬೇರೆ ಹಸಿರು ಸೇರಿಸಿದ್ರು, ಎಲ್ಲಾ ಅಲ್ಲಿ ಕಾಣುತ್ತೆ. ಆ ಫೋಟೋ ಹಿಡ್ಕೊಂಡು ಅಜ್ಜಿ ಹತ್ರ, ಅತ್ತೆ ಹತ್ರ ಕೂತು ರೆಕಾರ್ಡರ್ ಆನ್ ಮಾಡಿ. ‘ಯಾವ ವರ್ಷ’ ಅಂತ ಕೇಳಿದ್ರೆ ಉತ್ತರ ಬರಲ್ಲ. ಹೀಗೆ ಕೇಳಿ: ಆಗ ನೀವು ಎಷ್ಟನೇ ಕ್ಲಾಸು? ಯಾರು ಹೇಳಿಕೊಟ್ರು? ದಾರ ಯಾವ ಅಂಗಡಿಯಿಂದ ತಂದ್ರಿ, ದುಡ್ಡು ಯಾರು ಕೊಟ್ರು? ಮನೆಗೆ ಕರೆಂಟ್ ಬಂದಿತ್ತಾ, ಇಲ್ಲ ಲಾಟೀನಿನಲ್ಲಿ ಹೊಲಿದ್ರಾ? ಈ ಪ್ರಶ್ನೆಗಳಿಗೆ ಉತ್ತರ ಬರುತ್ತೆ, ಅದರಿಂದ ವರ್ಷವೂ ಸಿಗುತ್ತೆ. ಸಿಕ್ಕಿದ್ದನ್ನ ಒಂದು ಬಿಳಿ ಬಟ್ಟೆ ಪಟ್ಟಿಯ ಮೇಲೆ ಬರೆದು ಹಿಂದೆ ಎರಡು ಹೊಲಿಗೆಯಲ್ಲಿ ಕೂರಿಸಿ. ಹಳೆ ಬಟ್ಟೆಯ ಮೇಲೇ ಪೆನ್ನಿನಲ್ಲಿ ಬರೀಬೇಡಿ, ಗೋಂದೂ ಹಚ್ಚಬೇಡಿ.

ನಿಮ್ಮ ಹೊಸ ಕೆಲಸಕ್ಕೆ ಇದು ಇನ್ನೂ ಸುಲಭ. ಬಲಗಡೆ ಕೆಳಮೂಲೆಯಲ್ಲಿ ಜಾಗ ಬಿಡಿ. ನಿಮ್ಮ ಹೆಸರಿನ ಮೊದಲಕ್ಷರ, ಊರಿನ ಮೊದಲಕ್ಷರ, ವರ್ಷ. ಕನ್ನಡ ಅಕ್ಷರ ದುಂಡಗಿರೋದ್ರಿಂದ ಇಂಟು ಮಾರ್ಕಿನಲ್ಲಿ ಕಷ್ಟ ಅಂತ ಅನಿಸಬಹುದು. ಗವಂತಿ ಹೊಲಿಗೆಯಲ್ಲಿ ಬರೀರಿ, ಗೆರೆ ಸಣ್ಣಗೆ ಬರುತ್ತೆ, ಒಂಬತ್ತು ಮನೆ ಎತ್ತರದಲ್ಲಿ ‘ಶ್ರೀ’ ಕೂಡ ಓದೋ ಹಾಗೆ ಮೂಡುತ್ತೆ. ಅರ್ಧ ಗಂಟೆಯ ಕೆಲಸ ಅಷ್ಟೆ.

ಈ ವಾರ ನಿಮಗೆ ಹೋಂವರ್ಕ್ ಒಂದೇ. ಮನೆಯ ಒಂದು ಹಳೆ ಹೊಲಿಗೆ, ಅದರ ಹಿಂದೆ ಮುಂದೆ ಎರಡು ಫೋಟೋ, ಮಾಡಿದವರ ಧ್ವನಿಯಲ್ಲಿ ಐದು ನಿಮಿಷದ ರೆಕಾರ್ಡಿಂಗ್. ನನಗೆ ಕಳಿಸಲೇಬೇಕು ಅಂತೇನಿಲ್ಲ, ನಿಮ್ಮ ಫೋನಿನಲ್ಲಿ, ಮನೆಯವರ ಇನ್ನಿಬ್ಬರ ಫೋನಿನಲ್ಲಿ ಇದ್ದರೆ ಸಾಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೆ ಎಣಿಸ್ತಾ ಇರಿ. ನಮಸ್ಕಾರ.